ನುಗ್ಗೆ ಮರದ ಕಂಬಳಿ ಹುಳ, ಕರಿಬೇವಿನ ಹಸಿರು ಹುಳ: ವಿಷ ಸಿಂಪಡಿಸುವ ಮುನ್ನ ಇದನ್ನು ಓದಿ

ಮುಂಗಾರು ಶುರುವಾಗಿ ಕೆಲವು ವಾರ ಕಳೆದರೆ ಸಾಕು, ಮನೆಮಂದಿಯ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದರಲ್ಲಿ ಮೈತುಂಬ ಕೂದಲೋ ಮುಳ್ಳೋ ಇರುವ ಹುಳದ ಫೋಟೋ ಇರುತ್ತದೆ. ಇದು ಹಾವಿಗಿಂತ ವಿಷಕಾರಿ, ಮುಟ್ಟಿದರೆ ಐದೇ ನಿಮಿಷದಲ್ಲಿ ಸಾವು, ಎಲ್ಲರಿಗೂ ಕಳಿಸಿ ಎಂಬ ಎಚ್ಚರಿಕೆ ಅದರ ಜೊತೆಗಿರುತ್ತದೆ. ಇನ್ನೊಂದು ಮನೆಮದ್ದಿನ ಸಂದೇಶ. ಕರಿಬೇವಿಗೆ ಹುಳ ಬಿದ್ದಿದೆಯೇ? ಜಿರಳೆ ಸ್ಪ್ರೇ ಹೊಡೆಯಿರಿ, ಸೀಮೆಎಣ್ಣೆ ಸುರಿಯಿರಿ, ಮರದ ಬುಡಕ್ಕೆ ತೂತು ಕೊರೆದು ಹೊಲದ ಔಷಧಿ ತುಂಬಿ ಎಂದು ಅದು ಹೇಳುತ್ತದೆ.

ಮೊದಲನೆಯದು ಬರೀ ಭಯ ಹುಟ್ಟಿಸುತ್ತದೆ. ಎರಡನೆಯದು ನಿಜಕ್ಕೂ ಅಪಾಯಕಾರಿ, ಏಕೆಂದರೆ ಆ ಕರಿಬೇವು ನಾಳೆ ನಿಮ್ಮ ಒಗ್ಗರಣೆಗೆ ಬರುತ್ತದೆ, ಆ ನುಗ್ಗೆಸೊಪ್ಪು ಮಕ್ಕಳ ತಟ್ಟೆಗೆ ಬರುತ್ತದೆ.

ಚುಟುಕಾಗಿ ಹೇಳುವುದಾದರೆ

ನಮ್ಮ ಕೈತೋಟಗಳಲ್ಲಿ ಎಲೆ ತಿನ್ನುವ ಹುಳಗಳು ಕಚ್ಚಿ ಯಾರನ್ನೂ ಕೊಲ್ಲುವುದಿಲ್ಲ. ಕೂದಲು ಮತ್ತು ಮುಳ್ಳಿರುವವು ಮೈಗೆ ತಾಗಿದರೆ ತುರಿಕೆ, ಉರಿ, ಊತ ಬರುತ್ತದೆ. ಕಣ್ಣಿಗೆ ಹೋದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಬೆಳೆದ ಮರ ಒಮ್ಮೆ ಎಲೆ ಕಳೆದುಕೊಂಡರೆ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಮನೆಯ ಒಂದೆರಡು ಗಿಡಗಳಿಗೆ ಕೈಯಿಂದ ಆರಿಸುವುದು, ಸಾಬೂನು ನೀರು, ಬೇವು ಮತ್ತು ಬಿಟಿ ಸಾಕು. ರಾಸಾಯನಿಕ ವಿಷದ ಅಗತ್ಯ ಹೆಚ್ಚೂಕಡಿಮೆ ಎಂದೂ ಬರುವುದಿಲ್ಲ.

ಈ ಹುಳಗಳು ಎಲ್ಲಿಂದ ಬರುತ್ತವೆ?

ರಾತ್ರಿ ಬೆಳಗಾಗುವುದರಲ್ಲಿ ಹುಳ ಹುಟ್ಟಿಕೊಂಡವು ಎಂದು ಹಲವರಿಗೆ ಅನಿಸುತ್ತದೆ. ಮಳೆನೀರಿನಿಂದಲೇ ಹುಟ್ಟುತ್ತವೆ ಎಂದು ನಂಬುವವರೂ ಇದ್ದಾರೆ. ಹಾಗಲ್ಲ. ಇವೆಲ್ಲ ಚಿಟ್ಟೆ ಮತ್ತು ಪತಂಗಗಳ ಮರಿಗಳು. ತಾಯಿ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಮರಿ ಎಲೆ ತಿಂದು, ನಾಲ್ಕೈದು ಬಾರಿ ಪೊರೆ ಕಳಚಿ ದೊಡ್ಡದಾಗುತ್ತದೆ. ಆಮೇಲೆ ಕೋಶವಾಗುತ್ತದೆ, ಕೋಶದಿಂದ ರೆಕ್ಕೆ ಬಂದು ಹಾರಿಹೋಗುತ್ತದೆ. ಮಳೆ ಬಿದ್ದಾಗ ಗಿಡಗಳು ಎಳೆ ಚಿಗುರು ಬಿಡುತ್ತವೆ, ಮಣ್ಣಿನೊಳಗೆ ಮಲಗಿದ್ದ ಕೋಶಗಳಿಂದ ಪತಂಗಗಳು ಹೊರಬರುತ್ತವೆ. ಹುಳಗಳ ಕಾಲ ಮಳೆಗಾಲದ ಜೊತೆ ಕೂಡಿಬರುವುದು ಹೀಗೆ.

ಇದರಲ್ಲಿ ಒಂದು ಮುಖ್ಯ ಸಂಗತಿಯಿದೆ. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಎಲೆಯ ಬಹುಪಾಲನ್ನು ಕೊನೆಯ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಮೊದಲ ವಾರ ಅದು ಅಕ್ಕಿಕಾಳಿನಷ್ಟಿರುತ್ತದೆ, ನಮ್ಮ ಕಣ್ಣಿಗೇ ಬೀಳುವುದಿಲ್ಲ. ಬೆರಳಿನಷ್ಟಾದಾಗ ಒಂದೇ ರಾತ್ರಿಯಲ್ಲಿ ಟೊಂಗೆ ಬೋಳಾಗುತ್ತದೆ, ಆಗ ನಾವು ಗಾಬರಿಯಾಗುತ್ತೇವೆ. ಅಂದರೆ ನಾವು ಸ್ಪ್ರೇ ಹುಡುಕಿಕೊಂಡು ಅಂಗಡಿಗೆ ಓಡುವ ಹೊತ್ತಿಗೆ ಹುಳದ ಊಟ ಮುಗಿಯುತ್ತ ಬಂದಿರುತ್ತದೆ. ಎರಡು ದಿನದಲ್ಲಿ ತಾನಾಗಿಯೇ ಕೋಶ ಕಟ್ಟಲು ಹೊರಡುವ ಹುಳಕ್ಕೆ ವಿಷ ಹೊಡೆದು, ಮುಂದಿನ ಹಲವು ದಿನ ಆ ಎಲೆಯನ್ನು ನಾವೇ ತಿನ್ನಲಾಗದಂತೆ ಮಾಡಿಕೊಳ್ಳುತ್ತೇವೆ.

ನಿಮ್ಮ ಗಿಡದಲ್ಲಿರುವುದು ಯಾವ ಹುಳ?

ಏನನ್ನಾದರೂ ಮಾಡುವ ಮೊದಲು ಹುಳವನ್ನು ಗುರುತಿಸಿ. ಇದು ಕಷ್ಟವಲ್ಲ. ಹೆಚ್ಚಿನ ಹುಳಗಳು ತಮಗೆ ಒಗ್ಗುವ ಕೆಲವೇ ಗಿಡಗಳನ್ನು ತಿನ್ನುವುದರಿಂದ ಗಿಡ ನೋಡಿದರೇ ಅರ್ಧ ಉತ್ತರ ಸಿಗುತ್ತದೆ.

ಕರಿಬೇವು, ನಿಂಬೆ: ಇಲ್ಲಿ ಸಾಮಾನ್ಯವಾಗಿ ಕಾಣುವುದು ನಿಂಬೆ ಚಿಟ್ಟೆಯ ಮತ್ತು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಮರಿಗಳು. ಚಿಕ್ಕದಿರುವಾಗ ಕಂದು ಬಿಳಿ ಬಣ್ಣದಲ್ಲಿ ಥೇಟ್ ಹಕ್ಕಿಯ ಹಿಕ್ಕೆಯಂತಿರುತ್ತವೆ. ಹಕ್ಕಿಗಳ ಕಣ್ಣು ತಪ್ಪಿಸಲು ಇದೊಂದು ವೇಷ. ದೊಡ್ಡದಾದಾಗ ಎಲೆಯ ಬಣ್ಣಕ್ಕೇ ತಿರುಗುತ್ತವೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದು ಹೊರಬಂದು ಗಾಟು ವಾಸನೆ ಬರುತ್ತದೆ. ಹಾವಿನ ನಾಲಿಗೆಯಂತೆ ಕಾಣುವುದರಿಂದ ಜನ ಬೆಚ್ಚುತ್ತಾರೆ. ಅದು ಇರುವೆ ಮತ್ತು ಹಕ್ಕಿಗಳನ್ನು ಓಡಿಸುವ ಅಂಗ, ಚುಚ್ಚುವುದಿಲ್ಲ, ವಿಷವೂ ಇಲ್ಲ.

ಕಣಗಿಲೆ, ನಂದಿಬಟ್ಟಲು: ದಪ್ಪ ಹಸಿರು ಹುಳ, ತಲೆಯ ಬಳಿ ಎರಡು ನೀಲಿ ಕಣ್ಣಿನ ಗುರುತು, ಬಾಲದ ತುದಿಯಲ್ಲೊಂದು ಕೊಂಬು. ಇದು ಕಣಗಿಲೆ ಹಾಕ್‌ಮಾತ್ ಎಂಬ ಪತಂಗದ ಮರಿ. ಆ ಕಣ್ಣುಗಳು ಹುಸಿ ಕಣ್ಣುಗಳು, ಆ ಕೊಂಬು ಯಾರಿಗೂ ಚುಚ್ಚದ ಮೆತ್ತನೆಯ ಅಲಂಕಾರ. ಗಿಡದ ಕೆಳಗೆ ಕಾಳುಮೆಣಸಿನಷ್ಟು ದಪ್ಪ ಹಿಕ್ಕೆ ಬಿದ್ದಿದ್ದರೆ ಮೇಲೆ ಇದು ಕೂತಿದೆ ಎಂದು ಲೆಕ್ಕ.

ನುಗ್ಗೆ: ಕಾಂಡದ ಮೇಲೆ ಹಗಲಿಡೀ ಗುಂಪುಗುಂಪಾಗಿ, ಒತ್ತೊತ್ತಾಗಿ ಅಂಟಿಕೊಂಡಿರುವ ಕಂದು ಬಣ್ಣದ ಕೂದಲು ಹುಳಗಳೇ ಕಂಬಳಿ ಹುಳ. ರಾತ್ರಿ ಮೇಲೇರಿ ಎಲೆ ತಿನ್ನುತ್ತವೆ, ಬೆಳಿಗ್ಗೆ ಮತ್ತೆ ಕಾಂಡಕ್ಕೆ ಇಳಿಯುತ್ತವೆ. ಇವನ್ನು ಬರಿಗೈಯಲ್ಲಿ ಮುಟ್ಟಬಾರದು.

ತೆಂಗು, ಮಾವು, ಹರಳು: ಹಸಿರು ಮೈ, ಬೆನ್ನುದ್ದಕ್ಕೆ ನೀಲಿ ಪಟ್ಟೆ, ಎರಡೂ ಬದಿಗೆ ಮುಳ್ಳಿನ ಗೊಂಚಲು ಇರುವ ಚಪ್ಪಟೆ ಹುಳ ಕಂಡರೆ ಅದು ನೆಟಲ್ ಗ್ರಬ್. ತಾಗಿದರೆ ಚೇಳು ಕುಟುಕಿದಂತೆ ಉರಿಯುತ್ತದೆ.

ಸ್ಪೈಡರ್ ಲಿಲ್ಲಿಯಂಥ ಹೂಗಿಡಗಳು: ಕಪ್ಪು ಮೈಯಲ್ಲಿ ಬಿಳಿ ಅಥವಾ ಹಳದಿ ಚುಕ್ಕೆಗಳಿರುವ ಹುಳಗಳು ಗುಂಪಾಗಿ ಎಲೆಯೊಳಗೇ ಕೊರೆದು ಇಡೀ ಸಾಲನ್ನು ಕೊಳೆಯುವಂತೆ ಮಾಡುತ್ತವೆ. ಇಲ್ಲಿ ತಡಮಾಡದೆ ಆರಿಸಬೇಕು, ಕೊರೆದ ಎಲೆಗಳನ್ನು ಕತ್ತರಿಸಿ ತೆಗೆಯಬೇಕು.

ಮುಟ್ಟಿದರೆ ನಿಜಕ್ಕೂ ಸಾಯುತ್ತಾರೆಯೇ?

2022ರ ಮಳೆಗಾಲದಲ್ಲಿ ಹತ್ತಿ ಗಿಡದ ಮೇಲಿನ ಮುಳ್ಳು ಹುಳವೊಂದರ ವಿಡಿಯೋ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಭಾರಿ ಓಡಾಡಿತು. ಕಚ್ಚಿದ ಐದು ನಿಮಿಷದಲ್ಲಿ ಸಾವು ಎಂಬ ಮಾತಿನ ಜೊತೆ, ಹೊಲದಲ್ಲಿ ಸತ್ತುಬಿದ್ದಿದ್ದ ಇಬ್ಬರ ಫೋಟೋ ಸೇರಿಸಲಾಗಿತ್ತು. ಹುಳದ ವಿಡಿಯೋ ನಿಜ, ಫೋಟೋ ಕೂಡ ನಿಜ, ಎರಡಕ್ಕೂ ಸಂಬಂಧ ಮಾತ್ರ ಇರಲಿಲ್ಲ. ಫೋಟೋದಲ್ಲಿದ್ದವರು ಮಹಾರಾಷ್ಟ್ರದಲ್ಲಿ ಸಿಡಿಲು ಬಡಿದು ತೀರಿಕೊಂಡವರು. ಹುಳ ನೆಟಲ್ ಗ್ರಬ್ ಜಾತಿಯದು: ತಾಗಿದರೆ ನೋವು ಕೊಡುತ್ತದೆ, ಕೊಲ್ಲುವುದಿಲ್ಲ.

ಈ ಹುಳಗಳು ನಮ್ಮನ್ನು ಕಚ್ಚುವುದೇ ಇಲ್ಲ. ಕಂಬಳಿ ಹುಳದ ಕೂದಲು ಸೂಜಿಯಂತೆ ಚೂಪಾಗಿರುತ್ತದೆ, ಸುಲಭವಾಗಿ ಮುರಿಯುತ್ತದೆ. ಚರ್ಮಕ್ಕೆ ಚುಚ್ಚಿಕೊಂಡಾಗ ನಮ್ಮ ದೇಹ ಅದನ್ನು ವಿರೋಧಿಸುತ್ತದೆ, ಅದರಿಂದಲೇ ತುರಿಕೆ ಮತ್ತು ದದ್ದು. ನೆಟಲ್ ಗ್ರಬ್‌ನ ಮುಳ್ಳಿನ ಬುಡದಲ್ಲಿ ಉರಿ ತರುವ ದ್ರವವಿರುತ್ತದೆ.

ಪ್ರಪಂಚದಲ್ಲಿ ಕೊಲ್ಲುವ ಹುಳವೇ ಇಲ್ಲವೇ ಎಂದರೆ, ಇದೆ. ದಕ್ಷಿಣ ಅಮೆರಿಕದಲ್ಲಿ, ಮುಖ್ಯವಾಗಿ ಬ್ರೆಜಿಲ್‌ನ ದಕ್ಷಿಣ ಭಾಗದಲ್ಲಿ ಲೊನೊಮಿಯಾ ಎಂಬ ಹುಳವಿದೆ. ಅದರ ಮುಳ್ಳಿನ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ, ಅದರಿಂದ ಜನ ಸತ್ತದ್ದೂ ಉಂಟು. ಸಾವೊ ಪಾಲೊದ ಬುಟಾಂಟನ್ ಸಂಸ್ಥೆ ಅದಕ್ಕೆ ಪ್ರತಿವಿಷ ತಯಾರಿಸುತ್ತದೆ. ಆ ಹುಳ ಭಾರತದಲ್ಲಿಲ್ಲ. ಅಲ್ಲಿನ ಸುದ್ದಿಯನ್ನು ಇಲ್ಲಿನ ಹುಳದ ಫೋಟೋಗೆ ಅಂಟಿಸಿದಾಗ ನಮ್ಮ ನುಗ್ಗೆ ಮರ ಕೊಲೆಗಾರನಾಗುತ್ತದೆ.

ಕೂದಲು ತಾಗಿದರೆ ಏನು ಮಾಡಬೇಕು?

1. ಉಜ್ಜಬೇಡಿ, ಕೆರೆಯಬೇಡಿ. ಉಜ್ಜಿದರೆ ಕೂದಲು ಇನ್ನೂ ಒಳಗೆ ಹೋಗುತ್ತದೆ.
2. ಅಂಟು ಟೇಪನ್ನು ಆ ಜಾಗಕ್ಕೆ ಮೆತ್ತಗೆ ಅಂಟಿಸಿ ಎತ್ತಿ. ಪ್ರತಿ ಬಾರಿ ಹೊಸ ತುಂಡು ಬಳಸಿ ನಾಲ್ಕೈದು ಸಲ ಹೀಗೆ ಮಾಡಿ.
3. ಆಮೇಲೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆಯಿರಿ.
4. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರು ಬಟ್ಟೆ ಇಡಿ. ಕ್ಯಾಲಮೈನ್ ಲೋಷನ್ ತುರಿಕೆ ತಗ್ಗಿಸುತ್ತದೆ.
5. ತೊಟ್ಟ ಬಟ್ಟೆಯನ್ನು ಬದಲಿಸಿ, ಬೇರೆಯಾಗಿ ಒಗೆಯಿರಿ.

ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಕೂದಲು ಕಣ್ಣಿನ ಒಳಪದರಗಳಿಗೆ ಇಳಿದು ವಾರಗಳ ನಂತರವೂ ತೊಂದರೆ ಕೊಡಬಲ್ಲದು. ಮುಖ, ತುಟಿ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅದು ಅಲರ್ಜಿಯ ತೀವ್ರ ರೂಪ. ಕೂಡಲೇ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಸುಣ್ಣ, ಸೀಮೆಎಣ್ಣೆ, ಟೂತ್‌ಪೇಸ್ಟ್ ಹಚ್ಚಿ ಕೂರಬೇಡಿ.

ಎಲೆಯೆಲ್ಲ ಹೋದರೆ ಮರ ಸಾಯುತ್ತದೆಯೇ?

ಸಾಗುವಾನಿ ಕಾಡನ್ನು ಮಳೆಗಾಲದ ಮೊದಲ ವಾರಗಳಲ್ಲಿ ನೋಡಿದವರಿಗೆ ಉತ್ತರ ಗೊತ್ತು. ಪಶ್ಚಿಮ ಘಟ್ಟದ ಸಾಗುವಾನಿ ತೋಪುಗಳಲ್ಲಿ ಕೆಲವು ವರ್ಷ ಹುಳಗಳು ದಂಡುಗಟ್ಟಿ ಬಂದು ಹೊಸ ಎಲೆಯೆಲ್ಲ ಮುಗಿಸಿಬಿಡುತ್ತವೆ. ಮರಗಳು ಬೇಸಿಗೆಯಲ್ಲಿರುವಂತೆ ಬೋಳಾಗುತ್ತವೆ. ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತವೆ. ಬೆಳವಣಿಗೆ ಹಿಂದೆ ಬೀಳುತ್ತದೆ, ಜೀವ ಹೋಗುವುದಿಲ್ಲ.

ಕಾಂಡ ಮತ್ತು ಬೇರಿನಲ್ಲಿ ಕೂಡಿಟ್ಟ ಪಿಷ್ಟ ಇದಕ್ಕೆ ಕಾರಣ. ಬೆಳೆದ ನುಗ್ಗೆ, ಕರಿಬೇವು, ನಂದಿಬಟ್ಟಲಿಗೂ ಇದೇ ಮಾತು ಸಲ್ಲುತ್ತದೆ. ಚಿಂತೆ ಮಾಡಬೇಕಾದದ್ದು ಮೊಣಕಾಲೆತ್ತರದ ಎಳೆ ಸಸಿಗೆ, ಈಗಷ್ಟೇ ನೆಟ್ಟ ಕಸಿ ಗಿಡಕ್ಕೆ, ಕುಂಡದಲ್ಲಿ ನೀರಿಲ್ಲದೆ ಸೊರಗಿದ ಗಿಡಕ್ಕೆ. ಹತ್ತು ಎಲೆಯ ನಿಂಬೆ ಸಸಿಯಲ್ಲಿ ಮೂರು ಹುಳ ಇದ್ದರೆ ಇಂದೇ ತೆಗೆಯಿರಿ. ಹತ್ತು ಅಡಿಯ ಕರಿಬೇವಿನಲ್ಲಿ ಮೂರು ಹುಳ ಇದ್ದರೆ ಸುಮ್ಮನೆ ಬಿಡಿ.

ಹಾಗಾದರೆ ಮಾಡಬೇಕಾದದ್ದೇನು?

ಮೊದಲನೆಯದು, ನೋಡುವ ಅಭ್ಯಾಸ. ಮಳೆಗಾಲದಲ್ಲಿ ವಾರಕ್ಕೆರಡು ಬಾರಿ ಎಳೆ ಎಲೆಗಳನ್ನು ತಿರುಗಿಸಿ ನೋಡಿ. ನಿಂಬೆ ಚಿಟ್ಟೆಯ ಮೊಟ್ಟೆ ತಿಳಿಹಳದಿ ಬಣ್ಣದ, ಸಾಸಿವೆಗಿಂತ ಚಿಕ್ಕ ಮುತ್ತಿನಂತಿರುತ್ತದೆ, ಒಂಟೊಂಟಿಯಾಗಿರುತ್ತದೆ. ಬೆರಳಿನಿಂದ ಒರೆಸಿದರೆ ಕೆಲಸ ಮುಗಿಯಿತು. ನುಗ್ಗೆಯಲ್ಲಿ ಮೊಟ್ಟೆಗಳು ಗುಂಪಾಗಿರುತ್ತವೆ. ಆ ಎಲೆ ಅಥವಾ ಟೊಂಗೆಯನ್ನೇ ಕತ್ತರಿಸಿ ಸಾಬೂನು ನೀರಿಗೆ ಹಾಕಿ.

ಎರಡನೆಯದು, ಕೈಯಿಂದ ಆರಿಸುವುದು. ನುಣುಪು ಮೈಯ ಹುಳವನ್ನು ಎಲೆ ಸಮೇತ ತೆಗೆಯಬಹುದು. ಕೊಲ್ಲಲು ಮನಸ್ಸಿಲ್ಲದಿದ್ದರೆ ಒಂದು ಟೊಂಗೆಯನ್ನು ಅವಕ್ಕೆಂದೇ ಬಿಡಿ, ಚಿಟ್ಟೆಯಾಗುವುದನ್ನು ಮಕ್ಕಳಿಗೆ ತೋರಿಸಿ. ಎಳೆ ಸಸಿಗೆ ಹಳೆಯ ಸೊಳ್ಳೆ ಪರದೆಯ ಬಟ್ಟೆ ಹೊದಿಸಿದರೆ ತಾಯಿ ಚಿಟ್ಟೆಗೆ ಮೊಟ್ಟೆ ಇಡಲು ಜಾಗವೇ ಸಿಗುವುದಿಲ್ಲ.

ಮೂರನೆಯದು, ಕಂಬಳಿ ಹುಳಕ್ಕೆ ಹಗಲಿನ ಲಾಭ ಪಡೆಯುವುದು. ಅವು ಹಗಲಲ್ಲಿ ಕಾಂಡದ ಮೇಲೆ ಗುಂಪಾಗಿರುವುದೇ ನಮಗೆ ಅನುಕೂಲ. ಉದ್ದ ತೋಳಿನ ಅಂಗಿ, ಕೈಗವಸು, ಕನ್ನಡಕ ಹಾಕಿಕೊಂಡು ಗಾಳಿ ಬರುವ ಕಡೆ ನಿಲ್ಲಿ. ಗುಂಪಿನ ಮೇಲೆ ಮೊದಲು ಸಾಬೂನು ನೀರು ಚಿಮುಕಿಸಿ, ಆಗ ಕೂದಲು ಹಾರುವುದಿಲ್ಲ. ಆಮೇಲೆ ಉದ್ದ ಕೋಲಿಗೆ ಕಟ್ಟಿದ ಪೊರಕೆಯಿಂದ ಸಾಬೂನು ನೀರಿನ ಬಕೆಟ್‌ಗೆ ಬಳಿದು ಹಾಕಿ. ಮಕ್ಕಳನ್ನು ದೂರವಿಡಿ, ಒಣಹಾಕಿದ ಬಟ್ಟೆ ತೆಗೆದುಬಿಡಿ. ಹುಳಗಳು ಮಣ್ಣಿನಲ್ಲಿ ಕೋಶವಾಗುವುದರಿಂದ ಮರದ ಬುಡದ ಮಣ್ಣನ್ನು ಮೇಲೆಮೇಲೆ ಅಗೆದು ತಿರುವಿ ಹಾಕಿ. ಕೋಶಗಳು ಹೊರಬಿದ್ದು ಹಕ್ಕಿಗಳ ಪಾಲಾಗುತ್ತವೆ.

ನಾಲ್ಕನೆಯದು, ಬೇವು. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಬೆರೆಯಲು ಕೆಲವು ಹನಿ ದ್ರವ ಸಾಬೂನು. ಅಥವಾ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ ಸಿಂಪಡಿಸಿ. ಬೇವು ಹುಳವನ್ನು ತಕ್ಷಣ ಕೊಲ್ಲುವುದಿಲ್ಲ. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳದ ಹಸಿವು ಕೆಡಿಸುತ್ತದೆ, ಪೊರೆ ಕಳಚುವುದನ್ನು ತಡೆಯುತ್ತದೆ. ಹೊಡೆದ ಮರುದಿನ ಹುಳ ಜೀವಂತ ಇದೆ ಎಂದು ನಿರಾಶರಾಗಬೇಡಿ. ಚಿಕ್ಕ ಹುಳಗಳ ಮೇಲೆ ಇದು ಹೆಚ್ಚು ಕೆಲಸ ಮಾಡುತ್ತದೆ.

ಐದನೆಯದು, ಬಿಟಿ. ಬಿಟಿ ಹತ್ತಿಯ ಹೆಸರು ಕೇಳಿದ್ದೀರಿ. ಅದೇ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರವ ತೋಟಗಾರಿಕೆ ಅಂಗಡಿಗಳಲ್ಲಿ ಸಿಗುತ್ತದೆ. ಎಲೆಯ ಜೊತೆ ಹುಳದ ಹೊಟ್ಟೆ ಸೇರಿದಾಗ ಅದರ ಪ್ರೋಟೀನು ಅಲ್ಲಿನ ಕ್ಷಾರೀಯ ರಸದಲ್ಲಿ ಕರಗಿ ಕರುಳಿಗೆ ತೂತು ಮಾಡುತ್ತದೆ. ಹುಳ ಕೆಲವೇ ಗಂಟೆಗಳಲ್ಲಿ ತಿನ್ನುವುದನ್ನು ನಿಲ್ಲಿಸುತ್ತದೆ, ಎರಡು ಮೂರು ದಿನದಲ್ಲಿ ಸಾಯುತ್ತದೆ. ನಮ್ಮ ಜಠರದ ರಸ ಆಮ್ಲೀಯ, ಆ ಪ್ರೋಟೀನು ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ, ಹಾಗಾಗಿ ಮನುಷ್ಯರಿಗೆ ಅದು ವಿಷವಾಗುವುದಿಲ್ಲ. ಬಿಸಿಲಿಗೆ ಬಿಟಿಯ ಶಕ್ತಿ ಕುಂದುವುದರಿಂದ ಸಂಜೆ ಸಿಂಪಡಿಸಿ. ಪ್ರಮಾಣ ಡಬ್ಬಿಯ ಮೇಲೆ ಬರೆದಂತೆ ಇರಲಿ.

ಒಂದು ಎಚ್ಚರಿಕೆ: ರೇಷ್ಮೆ ಹುಳವೂ ಎಲೆ ತಿನ್ನುವ ಹುಳವೇ. ಈ ಬ್ಯಾಕ್ಟೀರಿಯಾವನ್ನು 1901ರಲ್ಲಿ ಜಪಾನಿನ ಇಶಿವಾತಾ ಮೊದಲು ಕಂಡುಹಿಡಿದದ್ದೇ ಸಾಯುತ್ತಿದ್ದ ರೇಷ್ಮೆ ಹುಳಗಳಲ್ಲಿ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಮನೆಯಿದ್ದರೆ ಬಿಟಿಯಾಗಲಿ ಬೇವಾಗಲಿ ಸಿಂಪಡಿಸಬೇಡಿ. ಕೈಯಿಂದ ಆರಿಸುವುದೇ ಸರಿ.

ಫಾರ್ವರ್ಡ್ ಸಲಹೆಗಳಲ್ಲಿ ನಿಜವೆಷ್ಟು?

ಜಿರಳೆ ಸ್ಪ್ರೇ ಹೊಡೆಯಿರಿ: ಬೇಡ. ಅದು ಗೋಡೆಯ ಮೂಲೆಗೆ ಮಾಡಿದ್ದು, ತಿನ್ನುವ ಎಲೆಗಲ್ಲ. ಅದರ ದ್ರಾವಕ ಎಲೆಯನ್ನೂ ಸುಡುತ್ತದೆ.

ಸೀಮೆಎಣ್ಣೆ, ಉಪ್ಪುನೀರು, ಬಟ್ಟೆ ಪುಡಿಯ ನೀರು ಸುರಿಯಿರಿ: ಹುಳಕ್ಕಿಂತ ಮೊದಲು ಗಿಡಕ್ಕೆ ಪೆಟ್ಟು. ಉಪ್ಪು ಮಣ್ಣಿನಲ್ಲಿ ಉಳಿದು ಬೇರನ್ನೇ ಕೆಡಿಸುತ್ತದೆ.

ಬೂದಿ ಉದುರಿಸಿ: ಎಲೆ ಒದ್ದೆಯಿರುವಾಗ ತೆಳುವಾಗಿ ಉದುರಿಸಿದರೆ ಚಿಕ್ಕ ಹುಳಗಳಿಗೆ ಕಿರಿಕಿರಿಯಾಗುತ್ತದೆ. ಮಳೆ ಬಂದರೆ ತೊಳೆದುಹೋಗುತ್ತದೆ. ಹಾನಿಯಿಲ್ಲ, ಲಾಭವೂ ಅಷ್ಟಕ್ಕಷ್ಟೆ.

ಪಂಜು ಹಿಡಿದು ಸುಡಿ: ಹಳ್ಳಿಗಳಲ್ಲಿ ಕಂಬಳಿ ಹುಳಕ್ಕೆ ಇದು ಹಳೆಯ ರೂಢಿ, ಹೊಲದಲ್ಲಿ ಕೆಲಸವೂ ಆಗುತ್ತದೆ. ಮನೆ ಪಕ್ಕದಲ್ಲಿ ಬೆಂಕಿಯ ಅಪಾಯವಿದೆ, ಮೆತ್ತನೆಯ ನುಗ್ಗೆ ತೊಗಟೆ ಸುಡುತ್ತದೆ, ಕೂದಲು ಗಾಳಿಗೆ ಹಾರುತ್ತದೆ. ಸಾಬೂನು ನೀರು ಇರುವಾಗ ಬೆಂಕಿ ಏಕೆ?

ಮರಕ್ಕೆ ತೂತು ಕೊರೆದು ಮೊನೊಕ್ರೊಟೊಫಾಸ್ ತುಂಬಿ: ಎಲ್ಲಕ್ಕಿಂತ ಕೆಟ್ಟ ಸಲಹೆ ಇದು. ಇದು ಮರದ ರಸದ ಜೊತೆ ಹರಿದು ಎಲೆ, ಹೂವು, ಕಾಯಿಗೆಲ್ಲ ಸೇರುವ ವಿಷ. ಮೇಲೆ ತೊಳೆದರೆ ಹೋಗುವುದಿಲ್ಲ. ತರಕಾರಿ ಬೆಳೆಗಳಿಗೆ ಇದರ ಬಳಕೆಯನ್ನು ಸರ್ಕಾರ ನಿಷೇಧಿಸಿದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದು ಇದೇ ವಿಷದಿಂದ, ಅಡುಗೆಯಲ್ಲಿ ಅದು ಸೇರಿಹೋಗಿತ್ತು. ಇಂಥ ಬಾಟಲಿಯನ್ನು ಅಡುಗೆಮನೆಯ ಹತ್ತಿರವೂ ತರಬೇಡಿ, ಖಾಲಿಯಾದ ಮೇಲೆ ಬೇರೆ ಯಾವುದಕ್ಕೂ ಬಳಸಬೇಡಿ.

ಹುಳ ತಿಂದ ಕರಿಬೇವು ತಿನ್ನಬಾರದು: ಚೆನ್ನಾಗಿ ತೊಳೆದರೆ ತಿನ್ನಬಹುದು.

ಹುಳಗಳನ್ನು ತಿನ್ನುವವರೂ ಇದ್ದಾರೆ

ಚಾತಕ ಪಕ್ಷಿ ಮಳೆಹನಿ ಮಾತ್ರ ಕುಡಿಯುತ್ತದೆ ಎಂಬ ಮಾತು ನಮ್ಮಲ್ಲಿ ಮನೆಮಾತು. ನಿಜದಲ್ಲಿ ಅದರ ಮುಖ್ಯ ಆಹಾರ ಹುಳಗಳು, ಅದರಲ್ಲೂ ಬೇರೆ ಹಕ್ಕಿಗಳು ಮುಟ್ಟಲು ಹಿಂಜರಿಯುವ ಕೂದಲು ಹುಳಗಳು. ಅದು ಮಳೆಯ ಜೊತೆ ಬರುತ್ತದೆ, ಹುಳಗಳೂ ಮಳೆಯ ಜೊತೆ ಬರುತ್ತವೆ. ಪಿಕಳಾರ, ಗೊರವಂಕ, ಟುವ್ವಿ ಹಕ್ಕಿಗಳು ತಮ್ಮ ಮರಿಗಳಿಗೆ ಉಣಿಸುವುದೂ ಇಂಥ ಹುಳಗಳನ್ನೇ. ಗುಬ್ಬಿ, ಟುವ್ವಿ ಕಾಣೆಯಾಗಿವೆ ಎಂದು ಕೊರಗುತ್ತ ಎಲ್ಲ ಹುಳಕ್ಕೂ ವಿಷ ಹೊಡೆಯುವುದು ಒಂದಕ್ಕೊಂದು ಹೊಂದುವುದಿಲ್ಲ.

ಹುಳದ ಮೈಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿಕೊಂಡಿದ್ದರೆ ಅದನ್ನು ಕೊಲ್ಲಬೇಡಿ. ಅವು ಮೊಟ್ಟೆಯಲ್ಲ, ಪುಟ್ಟ ಕಣಜಗಳ ಕೋಶಗಳು. ಆ ಹುಳ ಹೇಗೂ ಸಾಯುತ್ತದೆ, ಅದರಿಂದ ಹೊರಬರುವ ಕಣಜಗಳು ಉಳಿದ ಹುಳಗಳನ್ನು ನೋಡಿಕೊಳ್ಳುತ್ತವೆ. ತೆಂಗಿನ ಕಪ್ಪುತಲೆ ಹುಳದ ಹತೋಟಿಗೆ ತೋಟಗಳಲ್ಲಿ ಗೊನಿಯೋಜಸ್ ಎಂಬ ಕಣಜವನ್ನು ಸಾಕಿ ಬಿಡುವುದು ಇದೇ ಉಪಾಯ. ನಿಮ್ಮದು ಕೈತೋಟವಲ್ಲ, ಎಕರೆಗಟ್ಟಲೆ ನುಗ್ಗೆಯೋ ತೆಂಗೋ ಆಗಿದ್ದರೆ ಫಾರ್ವರ್ಡ್ ನಂಬುವ ಬದಲು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಅಥವಾ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ.

ಮುಂದಿನ ಬಾರಿ ಆ ಸಂದೇಶ ಬಂದಾಗ

ಐದು ನಿಮಿಷದಲ್ಲಿ ಸಾವು ಎಂಬ ಸಂದೇಶ ಮತ್ತೆ ಬಂದೇ ಬರುತ್ತದೆ. ಹುಳದ ಹೆಸರೇನು, ಯಾವ ಊರಿನಲ್ಲಿ ಆಯಿತು, ಯಾವ ವೈದ್ಯರು ಹೇಳಿದರು ಎಂದು ಕಳಿಸಿದವರನ್ನು ಕೇಳಿ. ಮೂರಕ್ಕೂ ಉತ್ತರವಿಲ್ಲದಿದ್ದರೆ ಅದು ನಿಮ್ಮಲ್ಲೇ ನಿಲ್ಲಲಿ. ಕಳಿಸಲೇಬೇಕು ಅನಿಸಿದರೆ ಇಷ್ಟು ಕಳಿಸಿ: ಕೂದಲು ಹುಳ ಮುಟ್ಟಬೇಡಿ, ತಾಗಿದರೆ ಉಜ್ಜಬೇಡಿ, ಕಣ್ಣಿಗೆ ಬಿದ್ದರೆ ವೈದ್ಯರಿಗೆ ತೋರಿಸಿ, ತಿನ್ನುವ ಗಿಡಕ್ಕೆ ವಿಷ ಹೊಡೆಯಬೇಡಿ. ಉಳಿದದ್ದನ್ನು ಸಾಬೂನು ನೀರಿನ ಬಕೆಟ್ ಮತ್ತು ಹಕ್ಕಿಗಳು ನೋಡಿಕೊಳ್ಳುತ್ತವೆ.